ವಾರಕ್ಕೆ ಉಳುವವರ ಹೆಸರು ಯಾವ ದಾಖಲೆಯಲ್ಲಿದೆ?

ಮಾನ್ಯ ಸಂಪಾದಕರೇ,

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಮೇಲೆ ಕಾರ್ಖಾನೆ ನೌಕರರ ಪಿಎಫ್, ಗ್ರಾಚ್ಯುಟಿ, ಕೆಲಸದ ಅವಧಿ ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ನಾಲಾ ಬಯಲಿನಲ್ಲಿ ಇನ್ನೊಬ್ಬರ ಗದ್ದೆಯನ್ನು ವಾರಕ್ಕೋ (ಬೆಳೆಯಲ್ಲಿ ಪಾಲು ಕೊಡುವ ಮಾತಿಗೆ) ಗುತ್ತಿಗೆಗೋ ಹಾಕಿಕೊಂಡು ಬದುಕುವವರ ಮಾತು ಮಾತ್ರ ಎಲ್ಲೂ ಬರಲಿಲ್ಲ. ಕಾರ್ಮಿಕ ಕಾನೂನಿನ ಪ್ರಕಾರ ಅವರಿಗೆ ಮಾಲೀಕನಿಲ್ಲ, ಹಾಗಾಗಿ ಅವರು ಕೂಲಿಯವರಲ್ಲ. ಕಂದಾಯ ಇಲಾಖೆಯ ಪ್ರಕಾರ ಅವರಿಗೆ ಪಹಣಿಯಿಲ್ಲ, ಹಾಗಾಗಿ ರೈತರೂ ಅಲ್ಲ. ಆದರೆ ಅದೇ ಮನುಷ್ಯ ನಾಟಿಗೆ ಹತ್ತು ಹೆಣ್ಣಾಳು ಕರೆದರೆ ವೇತನ ಸಂಹಿತೆಯ ಪ್ರಕಾರ ಅವನೇ ಮಾಲೀಕ. ಕನಿಷ್ಠ ಕೂಲಿ ಕೊಡಬೇಕು, ಒಂದೇ ಕೆಲಸಕ್ಕೆ ಹೆಣ್ಣು ಗಂಡೆನ್ನದೆ ಒಂದೇ ಕೂಲಿ ಕೊಡಬೇಕು, ಕೊಡದಿದ್ದರೆ ಮೂರು ವರ್ಷದೊಳಗೆ ಯಾವಾಗ ಬೇಕಾದರೂ ಅವನ ಮೇಲೆ ಕ್ಲೇಮು ಹಾಕಬಹುದು. ಕೂಲಿಯವರಿಗೆ ಈ ರಕ್ಷಣೆ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಣೆ ಹೊರಿಸುವಾಗ ಕಾಣಿಸುವ ಮನುಷ್ಯ ಪರಿಹಾರ ಹಂಚುವಾಗ ಏಕೆ ಕಾಣಿಸುವುದಿಲ್ಲ ಎಂಬುದೇ ಈ ಪತ್ರದ ಪ್ರಶ್ನೆ.

ಇದರ ಬೇರು ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಮಿನಲ್ಲಿದೆ. 1961ರ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ ನಂ. 7ರಲ್ಲಿ ಅರ್ಜಿ ಹಾಕಿ, ತಾಲ್ಲೂಕು ಭೂ ನ್ಯಾಯಮಂಡಳಿಯ ಮುಂದೆ ಸಾಗುವಳಿ ರುಜುವಾತು ಮಾಡಿ ಅಧಿಭೋಗದಾರರು, ಅಂದರೆ ಆ ಜಮೀನಿನ ಹಕ್ಕುದಾರರು, ಆದರು. ಅರ್ಜಿಯ ಕೊನೆಯ ದಿನ 1979ರ ಜೂನ್ 30. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದ ಒಬ್ಬ ಮುಖ್ಯಮಂತ್ರಿ ಮಾಡಿಸಿದ ಈ ಕೆಲಸದಿಂದ ಎಷ್ಟೋ ಮನೆಗಳು ತಲೆ ಎತ್ತಿ ನಿಂತವು. ಅದೇ ಕಾಯ್ದೆ, ಇನ್ನು ಮುಂದೆ ಯಾರೂ ಕೃಷಿ ಜಮೀನನ್ನು ಯಾವ ಅವಧಿಗೂ ಗೇಣಿಗೆ ಕೊಡುವಂತಿಲ್ಲ ಎಂದೂ ಹೇಳಿತು. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. ಸ್ವಂತ ಸಾಗುವಳಿ ಎಂದರೇನು ಎಂಬುದನ್ನೂ ಕಾಯ್ದೆ ಬಿಡಿಸಿ ಹೇಳುತ್ತದೆ: ಆಳಿಗೆ ಹಣದಲ್ಲೋ ಧಾನ್ಯದಲ್ಲೋ ಕೂಲಿ ಕೊಡಬಹುದು, ಬೆಳೆಯಲ್ಲಿ ಪಾಲು ಕೊಡುವಂತಿಲ್ಲ. ಅಂದರೆ ಅರೆವಾರ ಎಂದೊಡನೆ ಅದು ಗೇಣಿ, ಗೇಣಿ ಎಂದೊಡನೆ ಅದು ನಿಷಿದ್ಧ.

ಐವತ್ತು ವರ್ಷಗಳಲ್ಲಿ ಊರು ಬದಲಾಗಿದೆ. ಅಂದು ಫಾರಂ 7 ಹಾಕಿದವರ ಮೊಮ್ಮಕ್ಕಳು ಇಂದು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ಊರಿನಲ್ಲಿರುವವರು ವಯಸ್ಸಾದ ತಂದೆತಾಯಿ, ಒಂಟಿ ಹೆಂಗಸರು. ಎರಡು ಎಕರೆ ಗದ್ದೆಯನ್ನು ಪಕ್ಕದ ಮನೆಯ ಜಮೀನಿಲ್ಲದವನಿಗೆ ಯುಗಾದಿಯ ಹಿಂದೆಮುಂದೆ ಮಾತಾಡಿ ಕೊಡುತ್ತಾರೆ. ಹಳೆಯ ಕಾಲದ ಜಮೀನ್ದಾರರಲ್ಲ ಇವರು, ಬಹುಪಾಲು ಬಡವರೇ. ಆದರೂ ಒಪ್ಪಂದ ಬಾಯಿಮಾತಿನದು, ಏಕೆಂದರೆ ಬರೆದರೆ ಅದು ಕಾನೂನಿಗೆ ವಿರುದ್ಧ. ಕೆಲವು ಕಡೆ ಮಾಲೀಕರು ಭದ್ರತೆಗೆಂದು ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಇಲ್ಲವೇ ಗುತ್ತಿಗೆಯ ಹಣವನ್ನು ಕೈಸಾಲದ ಪತ್ರವಾಗಿ ಬರೆಸುತ್ತಾರೆ. ಬೆಳೆ ಹೋದ ವರ್ಷ ಆ ಪತ್ರ ನಿಜವಾದ ಸಾಲವಾಗಿ ಕೋರ್ಟಿಗೆ ಬರುತ್ತದೆ. ತಾನು ಉಳುಮೆ ಮಾಡಿದ್ದೆ ಎಂದು ತೋರಿಸಲು ಗುತ್ತಿಗೆ ಮಾಡಿದವನ ಬಳಿ ಒಂದು ಚೂರು ಕಾಗದವೂ ಇರುವುದಿಲ್ಲ.

ವಾರಕ್ಕೂ ಗುತ್ತಿಗೆಗೂ ಇರುವ ವ್ಯತ್ಯಾಸವನ್ನು ಅಧಿಕಾರಿಗಳು ಗಮನಿಸಬೇಕು. ವಾರದಲ್ಲಿ ಬೆಳೆ ಹೋದರೆ ಇಬ್ಬರ ಪಾಲೂ ಹೋಗುತ್ತದೆ. ಗುತ್ತಿಗೆಯಲ್ಲಿ ಎಕರೆಗೆ ಇಷ್ಟು ಕ್ವಿಂಟಲ್ ಅಥವಾ ಇಷ್ಟು ರೂಪಾಯಿ ಎಂದು ಮೊದಲೇ ನಿಗದಿಯಾಗಿರುತ್ತದೆ. ಕೆಆರ್‌ಎಸ್‌ನಲ್ಲಿ ನೀರು ಕುಸಿದು ನಾಲೆಗೆ ಸರದಿಯಂತೆ ಬಿಟ್ಟು ಬಿಟ್ಟು ನೀರು ಹರಿಸುವ ಕಟ್ಟು ಪದ್ಧತಿಗೆ ಇಳಿಸಿದರೂ, ಬೇಸಿಗೆ ಬೆಳೆಗೆ ನೀರಿಲ್ಲ ಎಂದು ನಿರ್ಧಾರವಾದರೂ ಗುತ್ತಿಗೆಯ ಮೊತ್ತ ಕಡಿಮೆಯಾಗುವುದಿಲ್ಲ. ಇತ್ತೀಚೆಗೆ ವಾರ ಕಡಿಮೆಯಾಗಿ ಗುತ್ತಿಗೆ ಹೆಚ್ಚುತ್ತಿದೆ. ದೂರದಲ್ಲಿರುವ ಮಾಲೀಕರಿಗೆ ಕಣದ ಮುಂದೆ ನಿಂತು ಪಾಲು ಅಳೆಸಿಕೊಳ್ಳಲು ಪುರಸೊತ್ತಿಲ್ಲ. ಹೀಗೆ ನಷ್ಟದ ಹೊರೆಯೆಲ್ಲ ಒಬ್ಬನ ತಲೆಗೆ ಬಂದಿದೆ.

ಬರ ಬಂದಾಗ ಏನಾಗುತ್ತದೆ ನೋಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಹೆಕ್ಟೇರಿಗೆ ಖುಷ್ಕಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಗೆ. ನೀರಾವರಿ ಗದ್ದೆಗೆ ಲೆಕ್ಕ ಹಾಕಿದರೆ ಎಕರೆಗೆ ಸುಮಾರು 6,900 ರೂಪಾಯಿ. ಈ ನೆರವಿನ ಉದ್ದೇಶ ಬಿತ್ತನೆ, ಗೊಬ್ಬರಕ್ಕೆ ಕೈಯಿಂದ ಹಾಕಿದ್ದರಲ್ಲಿ ಸ್ವಲ್ಪವಾದರೂ ವಾಪಸ್ ಬರಲಿ, ಮುಂದಿನ ಬೆಳೆಗೆ ಕೈ ಹಿಡಿಯಲಿ ಎಂಬುದು. ಹಣ ಹೋಗುವುದು ಮಾತ್ರ ಪಹಣಿಗೆ ಜೋಡಣೆಯಾದ ಆಧಾರ್ ಖಾತೆಗೆ. ಬಿತ್ತದವರ ಖಾತೆಗೆ ಬಂದ ಹಣವನ್ನು ಬಿತ್ತಿದವನು ಹೋಗಿ ಕೇಳಬೇಕು. ಕೊಡುವ ಧರ್ಮವಂತರಿದ್ದಾರೆ. ಕೊಡದಿದ್ದರೆ ಕೇಳುವ ಹಕ್ಕು ಅವನಿಗಿಲ್ಲ.

ಉಳಿದ ಸೌಲಭ್ಯಗಳ ಕಥೆಯೂ ಇದೇ. ರೈತರ ನೋಂದಣಿಗಿರುವ ಫ್ರೂಟ್ಸ್ ತಂತ್ರಾಂಶ ಕೊಡುವ ಗುರುತಿನ ಸಂಖ್ಯೆಯಾದ ಎಫ್‌ಐಡಿ ಇಲ್ಲದೆ ಬೆಂಬಲ ಬೆಲೆ ಕೇಂದ್ರದಲ್ಲಿ ಭತ್ತ, ರಾಗಿ ನೋಂದಣಿಯಾಗದು. ಮಾಲೀಕರ ಎಫ್‌ಐಡಿಯಲ್ಲಿ ಮಾರಿದರೆ ದುಡ್ಡು ಅವರ ಖಾತೆಗೆ. ಅದು ಬೇಡವೆಂದು ಕಣದಲ್ಲೇ ವ್ಯಾಪಾರಿಗೆ ಹಾಕಿದರೆ ಅವನು ಹೇಳಿದ್ದೇ ಬೆಲೆ. ಕಬ್ಬಿನದು ಇನ್ನೂ ತೊಡಕು. ಕಾರ್ಖಾನೆಗೆ ಒಪ್ಪಿಗೆ ಮಾಡುವಾಗ ಪಹಣಿ ಕೇಳುತ್ತಾರೆ, ಕಟಾವು ಪರ್ಮಿಟ್ಟೂ ತೂಕದ ಚೀಟಿಯೂ ಪಹಣಿದಾರರ ಹೆಸರಿನಲ್ಲಿ ಬರುತ್ತವೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಬಾಕಿಗಾಗಿ ಅರ್ಜಿ ಹಾಕಲು ಕಬ್ಬು ಬೆಳೆದವನಿಗೆ ಆಗುವುದಿಲ್ಲ, ಅರ್ಜಿ ಹಾಕಬಲ್ಲವರಿಗೆ ಅದರ ತುರ್ತು ಇರುವುದಿಲ್ಲ.

ಸಾಲದ ವಿಷಯದಲ್ಲಿ ನಿಯಮ ಒಳ್ಳೆಯದಿದೆ, ನಡೆ ಬೇರೆ. ಕಿಸಾನ್ ಕ್ರೆಡಿಟ್ ಕಾರ್ಡ್‌ಗೆ ಬಾಯಿಮಾತಿನ ಗೇಣಿದಾರರೂ ಪಾಲುದಾರರೂ ಅರ್ಹರು ಎಂದು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯೇ ಹೇಳುತ್ತದೆ. 2025ರ ಜನವರಿಯಿಂದ ಎರಡು ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. 4ರಿಂದ 10 ಜನ ಸೇರಿದ ಜಂಟಿ ಬಾಧ್ಯತಾ ಗುಂಪಿಗೆ ಸಾಲ ಕೊಡುವ ನಬಾರ್ಡ್ ಯೋಜನೆಯೂ ಇದೆ. ಶಾಖೆಗೆ ಹೋದರೆ ಮೊದಲು ಕೇಳುವುದು ಪಹಣಿ. ಸಹಕಾರ ಸಂಘದಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲವಿದೆ, ಅದೂ ಪಹಣಿಯ ಮೇಲೆಯೇ. ಕೊನೆಗೆ ಹೆಂಡತಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ, ಅಥವಾ ಮನೆ ಬಾಗಿಲಿಗೆ ವಾರದ ಕಂತಿನ ಮೈಕ್ರೊ ಫೈನಾನ್ಸ್ ಬರುತ್ತದೆ. ಆತ್ಮಹತ್ಯೆಯಂಥ ಘೋರ ನಡೆದಾಗ ಉಪವಿಭಾಗಾಧಿಕಾರಿಗಳ ಸಮಿತಿ ಐದು ಲಕ್ಷ ಪರಿಹಾರಕ್ಕಾಗಿ ಕೇಳುವುದೂ ಜಮೀನಿನ ಮತ್ತು ಸಾಲದ ದಾಖಲೆಗಳನ್ನೇ. ಗಿರವಿ ಚೀಟಿ ಹಿಡಿದ ವಿಧವೆ ತನ್ನ ಗಂಡ ರೈತನಾಗಿದ್ದ ಎಂದು ಸಾಬೀತು ಮಾಡುವುದು ಹೇಗೆ?

ಮಾಲೀಕರ ಭಯವನ್ನೂ ನೇರವಾಗಿ ಮಾತಾಡಬೇಕು. ಪಹಣಿಯ 12ನೇ ಕಾಲಂ ಸಾಗುವಳಿದಾರನದು. ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ, ತಪ್ಪೆಂದು ರುಜುವಾತಾಗುವವರೆಗೆ ಪಹಣಿಯ ನಮೂದು ಸರಿ ಎಂದೇ ಭಾವಿಸಬೇಕು. ಅಲ್ಲಿ ಇನ್ನೊಬ್ಬನ ಹೆಸರು ಕೂತರೆ ಜಮೀನೇ ಹೋಯಿತು ಎಂಬ ನೆನಪು 1974ರಿಂದ ಮನೆಮನೆಯಲ್ಲಿ ಉಳಿದಿದೆ. ಆದರೆ ಫಾರಂ 7ರ ಹಕ್ಕು 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನಿಗೆ ಸಂಬಂಧಪಟ್ಟದ್ದು. ಇಂದು ಹೊಸದಾಗಿ ಗುತ್ತಿಗೆ ಹಿಡಿದವನು ಅದರಡಿ ಒಡೆಯನಾಗಲು ದಾರಿಯೇ ಇಲ್ಲ. ಹನ್ನೆರಡು ವರ್ಷ ಉಳುಮೆ ಮಾಡಿದರೆ ಪ್ರತಿಕೂಲ ಸ್ವಾಧೀನದಿಂದ, ಅಂದರೆ ಒಡೆಯನ ಹಕ್ಕಿಗೆ ವಿರುದ್ಧವಾಗಿ ಬಹುಕಾಲ ಅನುಭವಿಸಿದ್ದರಿಂದ, ಜಮೀನು ಸಿಗುತ್ತದೆ ಎಂಬ ಮಾತೂ ತಪ್ಪು. ಮಾಲೀಕರ ಒಪ್ಪಿಗೆಯಿಂದ ಒಳಗೆ ಬಂದವನ ಸ್ವಾಧೀನ ಪ್ರತಿಕೂಲವಾಗುವುದಿಲ್ಲ. ಬರವಣಿಗೆಯ ಕರಾರು ಇದ್ದರೆ ಈ ಒಪ್ಪಿಗೆಗೆ ಸಾಕ್ಷಿ ಸಿಕ್ಕಿ ಮಾಲೀಕರಿಗೇ ರಕ್ಷಣೆ ಹೆಚ್ಚು.

2020ರ ತಿದ್ದುಪಡಿ ಈ ಅನ್ಯಾಯವನ್ನು ಇನ್ನಷ್ಟು ಎದ್ದು ಕಾಣುವಂತೆ ಮಾಡಿದೆ. 79ಎ, 79ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರೂ, ಎಷ್ಟೇ ಆದಾಯವಿರುವವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತು. ಹಾಗೆ ಕೊಂಡವರು ಬಂದು ಉಳುವವರಲ್ಲ, ಇನ್ನೊಬ್ಬರಿಗೆ ಬಿಡುವವರೇ. ಕೊಳ್ಳುವವರ ಅಡ್ಡಿ ತೆಗೆದ ಶಾಸನಸಭೆ, ಆ ಜಮೀನಿನಲ್ಲಿ ದುಡಿಯುವವನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಆಂಧ್ರಪ್ರದೇಶದಿಂದ ಕಲಿಯುವುದಿದೆ. ಅಲ್ಲಿ 2011ರ ಕಾಯ್ದೆಯಲ್ಲಿ ಇನ್ನೊಬ್ಬರ ಜಮೀನು ಉಳುವ ಸಾಗುವಳಿದಾರನೇ ಅರ್ಜಿ ಕೊಟ್ಟು, ಕಂದಾಯ ಸಿಬ್ಬಂದಿ ವಿಚಾರಿಸಿ ಸಾಲಕ್ಕೆ ಅರ್ಹನೆಂಬ ಕಾರ್ಡ್ ಕೊಡುತ್ತಿದ್ದರು. 2019ರ ಕಾಯ್ದೆ 11 ತಿಂಗಳ ಅವಧಿ ಹಾಕಿ, ಮಾಲೀಕರ ಸಹಿಯನ್ನು ಕಡ್ಡಾಯ ಮಾಡಿತು. ಸಹಿ ಕೊಡಲು ಮಾಲೀಕರು ಹಿಂಜರಿದಲ್ಲಿ ಕಾರ್ಡೂ ನಿಂತಿತು. ನಮ್ಮಲ್ಲಿ ಕಾನೂನು ಬರೆಯುವಾಗ ಈ ಎರಡನ್ನೂ ನೆನಪಿಡಬೇಕು. 11 ತಿಂಗಳು ಭತ್ತಕ್ಕೆ ಸರಿಹೋದೀತು, ಮಂಡ್ಯದ ಕಬ್ಬಿಗೆ ಸಾಲದು. ಹೊಸದಾಗಿ ನೆಟ್ಟ ತನಿ ಕಬ್ಬು ಕಟಾವಿಗೆ ಬರಲು ವರ್ಷ ಬೇಕು, ಪರ್ಮಿಟ್ ತಡವಾದರೆ ಇನ್ನೂ ಎರಡು ತಿಂಗಳು. ಬಿತ್ತನೆ, ಸಾಲು ಒಡೆಸಿದ ಖರ್ಚು ಕೈಗೆ ಬರುವುದು ಕಟಾವಾದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿನಲ್ಲಿ. ಆದ್ದರಿಂದ ಕಾರ್ಡು ಕನಿಷ್ಠ ಮೂರು ವರ್ಷದ್ದಿರಲಿ. ಮಾಲೀಕರ ಸಹಿ ಇದ್ದರೆ ಸರಿ, ಇಲ್ಲದಿದ್ದರೆ ಚೆಕ್ಕುಬಂದಿಯ ಇಬ್ಬರು ಅಕ್ಕಪಕ್ಕದ ರೈತರ ಹೇಳಿಕೆ, ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ಮಹಜರು ಸಾಕಾಗಬೇಕು. ಪಶ್ಚಿಮ ಬಂಗಾಳದಲ್ಲಿ 1978ರಲ್ಲಿ ಬರ್ಗಾದಾರರ, ಅಂದರೆ ಪಾಲಿಗೆ ಉಳುವವರ, ನೋಂದಣಿ ನಡೆದಾಗ ಅಧಿಕಾರಿಗಳು ಊರಿನಲ್ಲೇ ಸಂಜೆ ಸಭೆ ಸೇರಿಸುತ್ತಿದ್ದರು. ಹಗಲು ಕೆಲಸ ಬಿಟ್ಟು ಬರಲಾಗದವರು ಬಂದು ಹೆಸರು ಹೇಳಿದರು. ನಮ್ಮ ಹೋಬಳಿಗಳಲ್ಲೂ ಅದು ಆಗುತ್ತದೆ.

ಗೇಣಿ ಸಕ್ರಮವಾದರೆ ಕಂಪನಿಗಳು ನುಗ್ಗುತ್ತವೆ ಎಂದು ರೈತ ಸಂಘಟನೆಗಳ ಅನೇಕರು ಹೇಳುತ್ತಾರೆ. ಆ ಆತಂಕ ನ್ಯಾಯವಾದದ್ದು. ಹಾಗಾಗಿ ಕಾರ್ಡು ಸ್ವತಃ ಉಳುಮೆ ಮಾಡುವ ವ್ಯಕ್ತಿಗೆ ಮಾತ್ರ, ಅದೂ ಸಣ್ಣ ವಿಸ್ತೀರ್ಣಕ್ಕೆ ಎಂದು ಕಾನೂನೇ ಹೇಳಬೇಕು.

ಕಾನೂನು ಬರುವವರೆಗೆ ಗುತ್ತಿಗೆ ಮಾಡುವವರು ಕೆಲವು ಕಾಗದಗಳನ್ನು ಜೋಪಾನ ಮಾಡಿಕೊಳ್ಳಬೇಕು. ಸಬ್ಸಿಡಿ ಗೊಬ್ಬರ ಕೊಳ್ಳುವಾಗ ಅಂಗಡಿಯ ಪಿಒಎಸ್ ಯಂತ್ರಕ್ಕೆ ತಮ್ಮದೇ ಆಧಾರ್ ಕೊಟ್ಟು ರಸೀದಿ ಪಡೆಯಿರಿ. 45 ಕೆ.ಜಿ. ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆ, ಆದರೆ ಆ ಚೀಟಿಯ ಬೆಲೆ ಅದಕ್ಕಿಂತ ದೊಡ್ಡದು. ಸರ್ಕಾರದ ಒಂದು ಯಂತ್ರದಲ್ಲಾದರೂ ನಿಮ್ಮ ಹೆಸರು ದಿನಾಂಕ ಸಹಿತ ದಾಖಲಾಗುತ್ತದೆ. ಗುತ್ತಿಗೆ ಹಣವನ್ನು ಕೈಯಲ್ಲಿ ಕೊಡಬೇಡಿ, ಬ್ಯಾಂಕಿನ ಮೂಲಕವೋ ಫೋನ್‌ಪೇಯಲ್ಲೋ ಕೊಡಿ. ಖಾಲಿ ಕಾಗದಕ್ಕೆ ಸಹಿ ಹಾಕಲೇಬೇಡಿ. ಸ್ವಂತ ಜಮೀನಿಲ್ಲದವರು 16ರಿಂದ 59 ವಯಸ್ಸಿನೊಳಗಿದ್ದರೆ ಅಸಂಘಟಿತ ಕಾರ್ಮಿಕರ ಜಾಲತಾಣವಾದ ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಳ್ಳಬಹುದು. ಮಾಲೀಕರು ಒಪ್ಪಿ ಅವರ ಎಫ್‌ಐಡಿಯಲ್ಲಿ ಬೆಳೆ ವಿಮೆ ಮಾಡಿಸಿದರೆ ಮುಂಗಾರು ಭತ್ತಕ್ಕೆ ವಿಮಾ ಮೊತ್ತದ ಶೇ 2 ಮಾತ್ರ ಕಂತು. ಪರಿಹಾರದ ಹಣ ಯಾರಿಗೆ ಎಂಬುದನ್ನು ಆಗಲೇ ಸಾಕ್ಷಿಗಳ ಎದುರು ಮಾತಾಡಿಕೊಳ್ಳಿ. ಆಲಿಕಲ್ಲು, ಗದ್ದೆ ಮುಳುಗಡೆಯಂಥ ಸ್ಥಳೀಯ ನಷ್ಟವಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ.

ಸರ್ಕಾರ ತಕ್ಷಣ ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಹಂಗಾಮಿನಲ್ಲಿ ಮೊಬೈಲ್ ಆ್ಯಪಿನಿಂದ ಬೆಳೆ ಸಮೀಕ್ಷೆ ನಡೆಯುತ್ತದೆ. ಸರ್ವೆ ನಂಬರಿನೊಳಗೆ ನಿಂತು ಫೋಟೊ ತೆಗೆಯುತ್ತಾರೆ, ಬೆಳೆ ಯಾವುದು ಎಂದು ಬರೆಯುತ್ತಾರೆ. ಬೆಳೆದವರು ಯಾರು ಎಂಬ ಇನ್ನೊಂದು ಕಾಲಂ ಅಲ್ಲಿ ಸೇರಲಿ. ಈ ನಮೂದು ಪರಿಹಾರ, ವಿಮೆ, ಬೆಂಬಲ ಬೆಲೆಗಷ್ಟೇ ಉಪಯೋಗ, ಜಮೀನಿನ ಹಕ್ಕಿಗೆ ಪುರಾವೆಯಲ್ಲ ಎಂದು ಸ್ಪಷ್ಟವಾಗಿ ಮುದ್ರಿಸಲಿ. ಕಂದಾಯ ಮತ್ತು ಕೃಷಿ ಇಲಾಖೆಗಳು ಜಂಟಿ ಸುತ್ತೋಲೆ ಹೊರಡಿಸಿ, ಮುಂದಿನ ಮುಂಗಾರು ಸಮೀಕ್ಷೆಗೆ ಮೊದಲು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದೆರಡು ಹೋಬಳಿಗಳಲ್ಲಾದರೂ ಇದನ್ನು ಆರಂಭಿಸಬೇಕೆಂದು ಜಿಲ್ಲಾಡಳಿತವನ್ನೂ ಜಿಲ್ಲೆಯ ಶಾಸಕರನ್ನೂ ಒತ್ತಾಯಿಸುತ್ತೇನೆ.

ಇಂತಿ,
ಒಬ್ಬ ಓದುಗ, ಮಂಡ್ಯ