ಒಣ ಬೆರಳು, ಬಿ.ಪಿ. ಮೆಷಿನ್

ನ್ಯೂಕ್ಯಾಸಲ್, ಇಂಗ್ಲೆಂಡ್
ನವೆಂಬರ್ 12

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ನೀನು ಕಳಿಸಿದ ಚಟ್ನಿಪುಡಿ ತಳ ಕಂಡಿದೆ.

ಬಿ.ಪಿ. ಮೆಷಿನ್ನನ್ನು ಸರಿಯಾಗಿ ಒತ್ತಲು ಬರುವುದಿಲ್ಲವೆಂದು ಫೋನಿನಲ್ಲಿ ನಿನ್ನನ್ನು ಗದರಿದ್ದೆನಲ್ಲ, ತಪ್ಪು ನಿನ್ನದಲ್ಲ. ನಮ್ಮ ಕಚೇರಿಯಲ್ಲಿ ಹೊಸ ಮೆಷಿನ್ ತಯಾರಾಗುತ್ತಿದೆ. ಬಳಸಿ ನೋಡಲು ಊರಿನ ಎಂಟು ಮಂದಿ ಹಿರಿಯರು ಪ್ರತಿ ಗುರುವಾರ ಬರುತ್ತಾರೆ. ಚಹಾ, ಬಿಸ್ಕತ್ತು ನಮ್ಮದು, ಬೈಗುಳ ಅವರದು.

ಹಡಗು ಕಟ್ಟೆಯಲ್ಲಿ ದುಡಿದು ನಿವೃತ್ತರಾದ ಅಜ್ಜ ಒಬ್ಬರು ಪರದೆಯನ್ನು ಮೂರು ಸಲ ಮುಟ್ಟಿದರು. ಏನೂ ಆಗಲಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ ಮುಟ್ಟಿದರು, ಮೆಷಿನ್ ಗುಂಯ್ ಎಂದಿತು! ಟಚ್ ಪರದೆ ಗುರುತಿಸುವುದು ಬೆರಳಿನ ಒತ್ತಡವನ್ನಲ್ಲ, ಅದರ ವಿದ್ಯುತ್ ಗುಣವನ್ನು. ವಯಸ್ಸಾಗಿ ಒಣಗಿದ ಚರ್ಮ ಎಷ್ಟು ಅದುಮಿದರೂ ಅದಕ್ಕೆ ಸುಲಭವಾಗಿ ತಿಳಿಯುವುದಿಲ್ಲ. ಪಾತ್ರೆ ತೊಳೆದು ಬಂದು ಮುಟ್ಟಿದರೆ ಮಾತ್ರ ನಡೆಯುತ್ತದೆ ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ.

ಅಳತೆ ಮುಗಿದಾಗಿನ ಬೀಪ್ ಐವರಿಗೆ ಕೇಳಿಸಲೇ ಇಲ್ಲ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು. ಮೂವತ್ತು ದಾಟದ ನಮಗೆಲ್ಲ ಅದು ಚೆನ್ನಾಗಿಯೇ ಕೇಳುತ್ತಿತ್ತು. ಈಗ ಸ್ವರ ತಗ್ಗಿಸಿದ್ದೇವೆ, ಟಕ್ ಎನ್ನುವ ನಿಜವಾದ ಗುಂಡಿ ಇಟ್ಟಿದ್ದೇವೆ.

ತೋಳಿನ ಪಟ್ಟಿಯ ಜಗಳ ಮಾತ್ರ ಮುಗಿದಿಲ್ಲ. ಒಂದೇ ಕೈಯಲ್ಲಿ ಸುತ್ತಿಕೊಳ್ಳಲಾಗದೆ ಅಜ್ಜಿಯೊಬ್ಬರು ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಮನೆಯಲ್ಲಿಯೂ ಹೀಗೇ ಅಂತೆ. 1979ರಲ್ಲಿ ಅಮೆರಿಕದ ವಿನ್ಯಾಸಕಿ ಪ್ಯಾಟ್ರಿಷಿಯಾ ಮೂರ್ ಇಪ್ಪತ್ತಾರರ ಹರೆಯದಲ್ಲೇ ಮುದುಕಿಯ ವೇಷ ಹಾಕಿ, ಕಿವಿ ಮುಚ್ಚಿ, ಮಸುಕು ಕನ್ನಡಕ ತೊಟ್ಟು ಮೂರು ವರ್ಷ ಊರೂರು ಅಲೆದಿದ್ದರು. ನಮ್ಮ ಕಚೇರಿಯೂ ಅಂಥ ಕನ್ನಡಕ, ದಪ್ಪ ಕೈಗವಸು ತರಿಸಿದೆ. ಎರಡನ್ನೂ ತೊಟ್ಟು ಕುಳಿತರೂ ಹಲ್ಲಿನ ಉಪಾಯ ನನಗೆ ಹೊಳೆದಿರಲಿಲ್ಲ.

ಒಂದು ಕೆಲಸವಿದೆ. ಬ್ಲೌಸ್ ಅಳತೆಯ ಟೇಪಿನಲ್ಲಿ ಅಪ್ಪನ ಮೇಲ್ತೋಳಿನ ಸುತ್ತಳತೆ ಹಿಡಿದು ತಿಳಿಸು. ನಾನು ಕಳಿಸಿದ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ತೋಳು ಅದಕ್ಕಿಂತ ದಪ್ಪವಿದ್ದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಆ ಲೆಕ್ಕ ನೋಡಿಯೇ ನೀನು ಅವರಿಗೆ ಉಪ್ಪಿನಕಾಯಿ ನಿಲ್ಲಿಸಿರುವುದು. ಅಳತೆಯ ವಿಷಯ ಅವರಿಗೆ ಹೇಳಬೇಡ, ಈಗಲೇ ಭರಣಿ ಇಳಿಸಿಬಿಡುತ್ತಾರೆ.

ನಿನ್ನ ಮಗಳು,
ವಸುಧಾ