ಕರೆನ್ಸಿ ವಹಿವಾಟಿಗೆ ಇಳಿಯಲು ಹೊರಟ ಸೋದರಳಿಯನಿಗೆ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಯೂರೋ-ಡಾಲರ್, ಡಾಲರ್-ಯೆನ್ ಜೋಡಿಗಳಲ್ಲಿ ವಹಿವಾಟು ಮಾಡಬೇಕೆಂದಿದ್ದೀಯೆ ಎಂಬ ಪತ್ರ ತಲುಪಿತು. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂದಲು ನರೆಸಿಕೊಂಡ ನಾನು ಒಂದೇ ಮಾತಿನಲ್ಲಿ ಬೇಡವೆನ್ನುತ್ತೇನೆಂದು ನಿನ್ನ ತಾಯಿ ಎಣಿಸಿದ್ದಾಳೆ. ಕಲಿಯಬೇಡವೆಂದು ನಾನು ಹೇಳಲಾರೆ. ಆದರೆ ದರ ಯಾವ ಕಡೆ ಹೋಗುತ್ತದೆಂದು ಸರಿಯಾಗಿ ಕಂಡುಕೊಳ್ಳುವುದು ಬೇರೆ, ಅದು ಆ ಕಡೆ ಹೋಗುವವರೆಗೆ ಕೈಯಲ್ಲಿ ಹಣ ಉಳಿಸಿಕೊಂಡಿರುವುದು ಬೇರೆ. ನೀನು ಮೊದಲನೆಯದನ್ನಷ್ಟೇ ಅಭ್ಯಾಸ ಮಾಡಿರುವಂತೆ ಕಾಣುತ್ತದೆ.

ನನಗೆ ಕಳವಳ ತಂದದ್ದು ನಿನ್ನ ಚಾರ್ಟುಗಳಲ್ಲ, 1:100 ಲೆವರೇಜ್, ಅಂದರೆ ಕಟ್ಟಿದ ಹಣದ ನೂರು ಪಟ್ಟು ವಹಿವಾಟು ಮಾಡುವ ಅವಕಾಶ, ಸಿಗುತ್ತದೆ ಎಂದು ಸಂಭ್ರಮದಿಂದ ಬರೆದ ಸಾಲು. ಒಂದು ಲಾಟ್ ಎಂದರೆ 1,00,000 ಯೂರೋ. ಅದಕ್ಕೆ ನೀನು ಕಟ್ಟುವ ಮುಂಗಡ, ಅಂದರೆ ಮಾರ್ಜಿನ್, 1,000 ಯೂರೋ. ದರ ನಿನ್ನ ವಿರುದ್ಧ ಶೇ. 1ರಷ್ಟು ಸರಿದರೆ ಕಟ್ಟಿದ ಹಣವೆಲ್ಲ ಹೋಯಿತು, ಮತ್ತು ಶೇ. 1ರಷ್ಟು ಸರಿಯುವುದು ಈ ಮಾರುಕಟ್ಟೆಗೆ ದೊಡ್ಡ ಸಂಗತಿಯೇನೂ ಅಲ್ಲ. ಯುರೋಪಿನ ನಿಯಂತ್ರಕರು 2018ರಲ್ಲಿ ಪ್ರಮುಖ ಜೋಡಿಗಳಿಗೆ ಲೆವರೇಜನ್ನು 1:30ಕ್ಕೆ ಇಳಿಸಿದಾಗ, ಇಂತಹ ಕರಾರುಗಳಲ್ಲಿ ಶೇ. 74ರಿಂದ 89ರಷ್ಟು ಚಿಲ್ಲರೆ ಖಾತೆಗಳು ನಷ್ಟದಲ್ಲಿವೆ ಎಂದು ಹೇಳಿದ್ದರು. ಅವರೆಲ್ಲರೂ ದಡ್ಡರೆಂದು ನಾನು ನಂಬುವುದಿಲ್ಲ.

ಯೆನ್ನನ್ನೇ ನೋಡು. 2024ರ ಫೆಬ್ರವರಿಯಲ್ಲಿ ಡಾಲರಿಗೆ ಸುಮಾರು 150 ಯೆನ್ ಇತ್ತು. ಯೆನ್ ತೀರ ಅಗ್ಗವಾಗಿದೆ, ಜಪಾನಿನ ಬಡ್ಡಿ ಏರಲಿದೆ, ಅಮೆರಿಕದ್ದು ಇಳಿಯಲಿದೆ, ಆದ್ದರಿಂದ ಯೆನ್ ಬಲಗೊಳ್ಳುತ್ತದೆ ಎಂದು ಆಗ ತರ್ಕಿಸಿದವನ ವಿಶ್ಲೇಷಣೆ ನಿರ್ದುಷ್ಟವಾಗಿತ್ತು. ಆದರೂ ಜುಲೈ ಆರಂಭದ ಹೊತ್ತಿಗೆ ಡಾಲರ್ 162 ಯೆನ್ನಿನ ಹತ್ತಿರಕ್ಕೆ ಏರಿತು. ಅಂದರೆ ಡಾಲರ್ ಮಾರಿ ಯೆನ್ ಕೊಂಡವನಿಗೆ ಶೇ. 8ರಷ್ಟು ನಷ್ಟ, ಜೊತೆಗೆ ಎರಡು ದೇಶಗಳ ಬಡ್ಡಿಯ ಅಂತರವನ್ನು ಅವನು ಪ್ರತಿ ರಾತ್ರಿಯೂ ತೆರಬೇಕು. ಜುಲೈ 31ರಂದು ಬ್ಯಾಂಕ್ ಆಫ್ ಜಪಾನ್ ಬಡ್ಡಿಯನ್ನು ಶೇ. 0.25ಕ್ಕೆ ಏರಿಸಿತು, ಆಗಸ್ಟ್ 2ರಂದು ಅಮೆರಿಕದ ಉದ್ಯೋಗ ವರದಿ ನಿರಾಶೆ ತಂದಿತು. ಅಗ್ಗದ ಯೆನ್ ಸಾಲ ತಂದು ಬೇರೆಡೆ ಹೂಡಿದ್ದವರೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿದ್ದರಿಂದ, ಆಗಸ್ಟ್ 5ರಂದು ಜಪಾನಿನ ಷೇರುಪೇಟೆಯ ನಿಕ್ಕೇ ಸೂಚ್ಯಂಕ ಒಂದೇ ದಿನ ಶೇ. 12ಕ್ಕೂ ಹೆಚ್ಚು ಬಿದ್ದು, ಡಾಲರ್ 142 ಯೆನ್ನಿಗಿಂತ ಕೆಳಗಿಳಿಯಿತು. ಆ ಮನುಷ್ಯ ಹೇಳಿದ್ದೇ ನಡೆಯಿತು. ಆದರೆ 1:100ರಲ್ಲಿ ಕುಳಿತಿದ್ದರೆ ಅವನ ಖಾತೆ ಅದಕ್ಕೆ ಎಷ್ಟೋ ತಿಂಗಳ ಮೊದಲೇ ಮುಚ್ಚಿಹೋಗಿರುತ್ತಿತ್ತು, 1:30ರಲ್ಲಿಯೂ ಉಳಿಯುತ್ತಿರಲಿಲ್ಲ.

ಸ್ಟಾಪ್‌ಲಾಸ್, ಅಂದರೆ ದರ ಇಷ್ಟಕ್ಕೆ ಬಂದರೆ ತಾನಾಗಿ ವಹಿವಾಟು ಮುಗಿಸುವ ಆದೇಶ, ಹಾಕಿದರಾಯಿತು ಎಂದು ನೀನು ಬರೆದಿದ್ದೀಯೆ. ಹಾಕಲೇಬೇಕು. ಆದರೆ ಅದನ್ನೇ ನಂಬಿ ಕೂರಬಾರದು ಎಂಬುದಕ್ಕೆ ಸ್ವಿಸ್ ಫ್ರಾಂಕಿನ ಕಥೆಯಿದೆ. ಯೂರೋ ವಲಯದ ಬಿಕ್ಕಟ್ಟಿನಲ್ಲಿ ಹಣವೆಲ್ಲ ಫ್ರಾಂಕಿನತ್ತ ಹರಿದು ಅಲ್ಲಿಯ ರಫ್ತುದಾರರು ಕಂಗೆಟ್ಟಾಗ, ಯೂರೋ 1.20 ಫ್ರಾಂಕಿಗಿಂತ ಕೆಳಗಿಳಿಯಲು ಬಿಡುವುದಿಲ್ಲವೆಂದು ಅಲ್ಲಿಯ ಕೇಂದ್ರ ಬ್ಯಾಂಕಾದ ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರ್ 6ರಂದು ಸಾರಿತು. ಮೂರು ವರ್ಷಕ್ಕೂ ಮೀರಿ ಆ ಮಾತು ನಿಂತಿದ್ದರಿಂದ, 1.20ರ ಹತ್ತಿರ ಯೂರೋ ಕೊಂಡು ತುಸು ಏರಿದಾಗ ಮಾರುವುದು ಅಪಾಯವಿಲ್ಲದ ಲಾಭವೆಂದೇ ಬಹಳ ಮಂದಿಗೆ ಅನ್ನಿಸತೊಡಗಿತು. ಈ 1.20ರ ಮಿತಿಯೇ ತಮ್ಮ ನೀತಿಯ ಆಧಾರಸ್ತಂಭವೆಂದು ಆ ಬ್ಯಾಂಕಿನ ಉಪಾಧ್ಯಕ್ಷರು ಒಂದು ಸೋಮವಾರ ಹೇಳಿದರು. ಅದೇ ಗುರುವಾರ, 2015ರ ಜನವರಿ 15ರಂದು, ನಮ್ಮಲ್ಲಿ ಮಧ್ಯಾಹ್ನ 3 ಗಂಟೆಯ ಹೊತ್ತಿಗೆ, ಮಿತಿ ರದ್ದಾಯಿತು. ನಿಮಿಷಗಳಲ್ಲಿ ಯೂರೋ 1 ಫ್ರಾಂಕಿಗಿಂತಲೂ ಕೆಳಗೆ ಹೋಯಿತು. ನಡುವಿನ ದರಗಳಲ್ಲಿ ಕೊಳ್ಳುವವರೇ ಇರಲಿಲ್ಲವಾದ್ದರಿಂದ, 1.19ರಲ್ಲಿ ಹಾಕಿದ ಸ್ಟಾಪ್‌ಲಾಸ್ ಕೊಳ್ಳುವವನು ಎಲ್ಲಿ ಸಿಕ್ಕನೋ ಅಲ್ಲಿ, ಅಂದರೆ ಎಷ್ಟೋ ಕೆಳಗೆ, ಜಾರಿಯಾಯಿತು. ಖಾತೆಗಳು ಸೊನ್ನೆಯಲ್ಲಿ ನಿಲ್ಲದೆ ಋಣಕ್ಕಿಳಿದು, ಗ್ರಾಹಕರು ಬ್ರೋಕರಿಗೇ ಸಾಲಗಾರರಾದರು. ಲಂಡನ್ನಿನ ಬ್ರೋಕರ್ ಸಂಸ್ಥೆ ಅಲ್ಪಾರಿ ಯುಕೆ ದಿವಾಳಿಯಾಯಿತು. ಅಮೆರಿಕದ ಬ್ರೋಕರ್ ಸಂಸ್ಥೆ ಎಫ್‌ಎಕ್ಸ್‌ಸಿಎಂ 30 ಕೋಟಿ ಡಾಲರ್ ಸಾಲ ಪಡೆದು ಬದುಕಿತು. ಯುರೋಪಿನ ಕೇಂದ್ರ ಬ್ಯಾಂಕ್ ದೊಡ್ಡ ಪ್ರಮಾಣದಲ್ಲಿ ಸಾಲಪತ್ರ ಕೊಳ್ಳಲಿರುವುದರಿಂದ ಯೂರೋ ಸೊರಗಿ, ಈ ಮಿತಿಯನ್ನು ಕಾಯುವುದು ದುಬಾರಿಯಾಗುತ್ತದೆಂದು ಊಹಿಸಬಹುದಿತ್ತು, ಆದರೆ ಯಾವ ಗುರುವಾರ ಎಂದು ಯಾವ ಚಾರ್ಟೂ ಹೇಳಲಿಲ್ಲ.

ಕಾನೂನಿನ ವಿಷಯ ಚಿಕ್ಕದು, ಆದರೆ ಮುಖ್ಯ. ನಿನಗೆ 1:100 ಕೊಡುವ ವಿದೇಶಿ ಆ್ಯಪ್‌ಗಳಲ್ಲಿ ವಹಿವಾಟು ಮಾಡುವುದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಪ್ರಕಾರ ನಿಷಿದ್ಧ. ಅಂತಹ ಹಲವು ಹೆಸರುಗಳು ರಿಸರ್ವ್ ಬ್ಯಾಂಕಿನ ಎಚ್ಚರಿಕೆಯ ಪಟ್ಟಿಯಲ್ಲಿವೆ. ಮಾರ್ಜಿನ್ ಕಟ್ಟಲು ಹೊರದೇಶಕ್ಕೆ ಹಣ ಕಳುಹಿಸುವಂತೆಯೂ ಇಲ್ಲ. ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯಲ್ಲಿ ರೂಪಾಯಿ ಜೋಡಿಗಳಿಗೆ ಇಳಿಯಬೇಕಾದರೆ ನಿಜವಾದ ವಿದೇಶಿ ಕರೆನ್ಸಿ ಬಾಧ್ಯತೆ ಇರಬೇಕೆಂಬ ನಿಯಮ 2024ರ ಮೇಯಿಂದ ಬಿಗಿಯಾಗಿದೆ. ನಿನಗೆ ರಫ್ತೂ ಇಲ್ಲ, ಆಮದೂ ಇಲ್ಲ. ಯೂರೋ-ಡಾಲರ್ ಕರಾರುಗಳು ಅಲ್ಲಿವೆಯಾದರೂ ವಹಿವಾಟು ತೀರ ತೆಳು. ಟೆಲಿಗ್ರಾಮ್ ಗುಂಪಿನಲ್ಲಿ ದಾರಿ ಹೇಳಿಕೊಡುವ ಮಹಾನುಭಾವರು ಇದನ್ನೆಲ್ಲ ಯಾಕೆ ಹೇಳುವುದಿಲ್ಲವೋ ನೀನೇ ಯೋಚಿಸು.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಅಮೆರಿಕದ ಉದ್ಯೋಗ ವರದಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ, ಬೇಸಿಗೆಯಲ್ಲಿ ನಮ್ಮ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ ಬರುತ್ತದೆ. ಅದಕ್ಕೆ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಮಾರುಕಟ್ಟೆ ನಿರೀಕ್ಷಿಸುವ ಅಂಕಿ, ನಿನ್ನ ಅಂದಾಜು, ಡಾಲರ್ ಯಾವ ಕಡೆ ಹೋದೀತು ಮತ್ತು ಯಾಕೆ ಎಂದು ಪೆನ್ನಿನಲ್ಲಿ ಬರೆ. ಅಂಕಿ ಚೆನ್ನಾಗಿದ್ದೂ ಡಾಲರ್ ಇಳಿಯುವ ಸಂಜೆಗಳನ್ನು ನೀನು ಕಾಣುವೆ, ಏಕೆಂದರೆ ದರದಲ್ಲಿ ನಿರೀಕ್ಷೆ ಮೊದಲೇ ಸೇರಿಕೊಂಡಿರುತ್ತದೆ. ನಿನ್ನ ಊಹೆ ಫಲಿಸುವ ಮೊದಲು ದರ ವಿರುದ್ಧ ದಿಕ್ಕಿನಲ್ಲಿ ಎಷ್ಟು ದೂರ ಹೋಯಿತು ಎಂಬುದನ್ನು ಪ್ರತಿ ಸಲವೂ ಪಕ್ಕದಲ್ಲಿ ಗುರುತಿಸು. ಸಂಕ್ರಾಂತಿಗೆ ಬರುವಾಗ ಆ ನೋಟ್‌ಬುಕ್ ತಾ, ಆ ಪಕ್ಕದ ಸಾಲನ್ನು ಮೊದಲು ಓದೋಣ. ಮನೆ ಕಟ್ಟಲೆಂದು ಇಟ್ಟಿರುವ ಠೇವಣಿಯನ್ನು ಅಲ್ಲಿಯವರೆಗೆ ಮುರಿಸಬೇಡ.

ಇಂತು ನಿನ್ನ ಮಾವ