ಕಬಡ್ಡಿಯ ಅಂಕವನ್ನೂ ಬಿಡಿಸಿ ಹಾಕಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದ ಕೆಳಗಡೆ ಹೈಸ್ಕೂಲು ಹೆಣ್ಣುಮಕ್ಕಳ ಕಬಡ್ಡಿ ಫಲಿತಾಂಶ ಬಂದಿತ್ತು. ಎರಡೇ ಸಾಲು. ಗೆದ್ದ ಶಾಲೆ, ಸೋತ ಶಾಲೆ, ಎಷ್ಟು ಅಂಕದ ಅಂತರ, ಅಷ್ಟೇ. ಅದೇ ದಿನ ಕ್ರೀಡಾ ಪುಟದಲ್ಲಿ ಒಂದು ಕ್ರಿಕೆಟ್ ಪಂದ್ಯಕ್ಕೆ ಉದ್ದಕ್ಕೆ ಸ್ಕೋರು ಹಾಕಿದ್ದಿರಿ. ಇತರೆ ರನ್ ಎಷ್ಟು, ಅದರಲ್ಲಿ ಲೆಗ್‌ಬೈ ಎಷ್ಟು, ವೈಡ್ ಎಷ್ಟು, ಎಲ್ಲ ಇತ್ತು. ಅದನ್ನು ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಕಬಡ್ಡಿಗೂ ಇನ್ನೊಂದು ಸಾಲು ಕೊಡಿ ಅಂತ ಕೇಳುತ್ತಿದ್ದೇನೆ. ಯಾಕೆ ಅನ್ನುವುದಕ್ಕೆ ಸ್ವಲ್ಪ ದೂರದ ಕತೆ ಹೇಳಬೇಕು.

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. 29 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೆ. 2023ರಲ್ಲಿ ಮಗಳ ಬಾಣಂತನಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಹೋಗಿ ಐದು ತಿಂಗಳು ಇದ್ದೆ. ಅಲ್ಲಿಯ ಗಾಬಾ ಮೈದಾನ ಅಂದರೆ ನಮಗೆ ನೆನಪಾಗುವುದು 2021ರ ಜನವರಿಯಲ್ಲಿ ರಿಷಭ್ ಪಂತ್ ಗೆಲ್ಲಿಸಿಕೊಟ್ಟ ಟೆಸ್ಟ್. ಅಲ್ಲಿಯವರಿಗೆ ಮಾತ್ರ ಚಳಿಗಾಲ ಪೂರ್ತಿ ಅದು ಫುಟ್‌ಬಾಲ್ ಮೈದಾನ. ಬ್ರಿಸ್ಬೇನ್ ಲಯನ್ಸ್ ತಂಡದ ತವರು.

ಅವರ ಫುಟ್‌ಬಾಲ್ ನಾವು ಟಿ.ವಿ.ಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಅಂಗಳವೂ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ. ಒಂದೊಂದು ಕಡೆ 18 ಜನ. ಚೆಂಡನ್ನು ಒದೆಯಬಹುದು, ಹಿಡಿದುಕೊಂಡು ಓಡಬಹುದು. ಆದರೆ ಎಸೆಯುವಂತಿಲ್ಲ, ಜತೆಗಾರನಿಗೆ ಕೈಯಲ್ಲಿ ಕೊಡುವುದಾದರೆ ಮುಷ್ಟಿಯಿಂದ ಗುದ್ದಿಯೇ ಕೊಡಬೇಕು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಅಂಕ. ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವಿನ ಜಾಗದಲ್ಲಿ ಹೋದರೆ ಬಿಹೈಂಡ್, 1 ಅಂಕ. ಸ್ವಲ್ಪದರಲ್ಲಿ ತಪ್ಪಿದ್ದಕ್ಕೂ ಅಲ್ಲಿ ಲೆಕ್ಕವಿದೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. 78 ವರ್ಷ, ಒಬ್ಬರೇ ವಾಸ. ಕೂಸನ್ನು ನೋಡಲು ಬಂದಾಗಲೂ ಕುತ್ತಿಗೆಗೆ ಲಯನ್ಸ್ ತಂಡದ ಬಣ್ಣದ ಶಾಲು ಸುತ್ತಿಕೊಂಡಿದ್ದರು. ಸೆಪ್ಟೆಂಬರ್ 30, ಶನಿವಾರ ಮಧ್ಯಾಹ್ನ ಫೈನಲ್. ಅಳಿಯ, ಅವನ ಇಬ್ಬರು ಗೆಳೆಯರು, ಮಗಳು, ನಾನು ಎಲ್ಲರೂ ಅಜ್ಜಿಯ ಮನೆಯಲ್ಲಿ ಕೂತೆವು. ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ಎದುರಾಳಿ ಕಾಲಿಂಗ್‌ವುಡ್. ಆಟ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಅಂದರೆ ಅವರದೇ ಊರಿನಲ್ಲಿ, ಲಕ್ಷಕ್ಕೂ ಮೀರಿದ ಜನರ ಮುಂದೆ.

ಅಂಥ ಆಟವನ್ನು ನಾನು ಕಡಿಮೆ ನೋಡಿದ್ದೇನೆ. ಇನ್ನು ಐದಾರು ನಿಮಿಷ ಇದೆ ಅನ್ನುವಾಗ ಚಾರ್ಲಿ ಕ್ಯಾಮರನ್ ಗೋಲ್ ಹೊಡೆದು ಲಯನ್ಸನ್ನು ಮುಂದೆ ತಂದ. ಹಿಂದೆಯೇ ಕಾಲಿಂಗ್‌ವುಡ್‌ನ ಡಿ ಗೋಯಿ ಒಂದು, ಸೈಡ್‌ಬಾಟಮ್ ದೂರದಿಂದ ಒಂದು. ಆಮೇಲೆ ಲಯನ್ಸ್‌ನ ಡ್ಯಾನಿಹರ್ ಒಂದು. ನಾಲ್ಕೇ ಅಂಕದ ಅಂತರ ಉಳಿಯಿತು. ಆಟ ಇನ್ನೇನು ಮುಗಿಯುತ್ತದೆ ಅನ್ನುವಾಗ ಲಯನ್ಸ್‌ನ ಲಾಕಿ ನೀಲ್‌ಗೆ ಫ್ರೀ ಕಿಕ್ ಸಿಕ್ಕಿತು. ಅವನು ನಿಂತು ಒದೆಯುವ ಮೊದಲೇ ಜತೆಗಾರ ಜ್ಯಾಕ್ ಬೈಲಿ ಚೆಂಡು ಎತ್ತಿಕೊಂಡ. ಅಂಪೈರ್ ಅಡ್ವಾಂಟೇಜ್ ಕೊಟ್ಟು ಆಟ ಮುಂದುವರಿಸಿದರು. ನಿಧಾನಕ್ಕೆ ನೋಡಿ ಒದೆಯುವ ಅವಕಾಶ ಹೋಯಿತು. ಕಾಲಿಂಗ್‌ವುಡ್ 90, ಬ್ರಿಸ್ಬೇನ್ 86.

ಮುಂದಿನ ಅರ್ಧ ಗಂಟೆ ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಆರ್‌ಸಿಬಿ ಸೋತ ರಾತ್ರಿಗಳು ನಮ್ಮೆಲ್ಲರ ಮನೆಯಲ್ಲೂ ಆಗಿವೆ. ಅಳಿಯ ಅಂಪೈರನ್ನು ಬೈದ. ಒಬ್ಬ ಗೆಳೆಯ ಬೈಲಿಯನ್ನು ಬೈದ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಟೀ ಕೊಟ್ಟು, ತಮ್ಮ ನೋಟ್‌ಬುಕ್ ತೆಗೆದರು. ಪ್ರತಿ ಆಟದ ಸ್ಕೋರನ್ನೂ ಅವರು ಕೈಯಲ್ಲಿ ಬರೆದುಕೊಳ್ಳುತ್ತಾರೆ. ನಾನೂ ಹಾಗೇ ಬರೆದವಳಲ್ವಾ, ಎದ್ದು ಹೋಗಿ ಪಕ್ಕದಲ್ಲಿ ಕೂತೆ.

ಅಲ್ಲಿ ಬರೀ 90, 86 ಅಂತ ಇರಲಿಲ್ಲ. ಕಾಲಿಂಗ್‌ವುಡ್ 12.18 (90), ಬ್ರಿಸ್ಬೇನ್ 13.8 (86) ಅಂತ ಇತ್ತು. 12 ಗೋಲ್, 18 ಬಿಹೈಂಡ್, ಒಟ್ಟು 90. ಅಲ್ಲಿಯ ಪತ್ರಿಕೆಗಳೂ ಹೀಗೇ ಹಾಕುತ್ತವೆ. ಅಳಿಯ ಅದನ್ನೇ ಹಿಡಿದುಕೊಂಡ. "ನೋಡಿ, ಗೋಲ್ ಜಾಸ್ತಿ ಹೊಡೆದವರು ನಾವೇ. ಆದರೂ ಸೋತೆವು. ಇದು ಅನ್ಯಾಯ ಅಲ್ವಾ?"

ಅಜ್ಜಿ ಪೆನ್ಸಿಲ್ ತಗೊಂಡು ಕೂಡಿಸಿದರು. 12ಕ್ಕೆ 18 ಸೇರಿದರೆ 30. 13ಕ್ಕೆ 8 ಸೇರಿದರೆ 21. ಅವರು ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳಿದಳು. "ಅವರು 30 ಸಲ ಕಂಬದ ಹತ್ತಿರ ಬಂದು ಅಂಕ ಮಾಡಿದ್ದಾರೆ, ನಾವು 21 ಸಲ. ಅವರ ಗುರಿ ತಪ್ಪಿದ್ದರಿಂದ ನಾವು ನಾಲ್ಕೇ ಅಂಕಕ್ಕೆ ಉಳಿದುಕೊಂಡೆವು."

ಮಾತಿನ ದಿಕ್ಕೇ ಬದಲಾಯಿತು. ಆ 30 ಸಲ ಚೆಂಡು ಅಲ್ಲಿಯವರೆಗೆ ಹೇಗೆ ಬಂತು? ನಡು ಅಂಗಳದಲ್ಲಿ ಎಲ್ಲಿ ಬಿಟ್ಟುಕೊಟ್ಟೆವು? ಬಾಬಿ ಹಿಲ್ ಒಬ್ಬನೇ ನಾಲ್ಕು ಗೋಲ್ ಹೊಡೆದ, ಎರಡಾದ ಮೇಲೂ ಅವನ ಹತ್ತಿರ ಯಾಕೆ ಗಟ್ಟಿ ಕಾವಲು ಇರಲಿಲ್ಲ? ಕತ್ತಲಾಗುವವರೆಗೂ ಮಾತಾಡಿದರು. ಅಂಪೈರ್ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. 2008ರ ಒಂದು ಆಟ ಕಣ್ಣ ಮುಂದೆ ಬಂತು.

ಅವತ್ತು ಶಿವಮೊಗ್ಗದ ನೆಹರು ಕ್ರೀಡಾಂಗಣದಲ್ಲಿ ನಮ್ಮ ಹುಡುಗಿಯರು ಜಿಲ್ಲಾ ಮಟ್ಟದ ಫೈನಲ್ ಆಡಿದರು. 27–30ರಲ್ಲಿ ಸೋತರು. ಕೊನೆಯ ರೈಡ್‌ಗೆ ಹೋದ ಹತ್ತನೇ ಕ್ಲಾಸಿನ ಹುಡುಗಿ ಮುಟ್ಟಿ ಬರುವ ಆತುರದಲ್ಲಿ ಪಕ್ಕದ ಗೆರೆ ತುಳಿದುಬಿಟ್ಟಳು. ಅಷ್ಟೇ. "ಇವಳಿಂದ ಸೋತೆವು" ಅಂತ ಆಯಿತು. ಬಸ್ಸಿನಲ್ಲಿ ಗಾಜನೂರು ದಾಟಿ, ಸಕ್ರೆಬೈಲು ದಾಟಿ, ಮಂಡಗದ್ದೆ ಬಂದರೂ ಯಾರೂ ಅವಳ ಹತ್ತಿರ ಮಾತಾಡಲಿಲ್ಲ. ಮಾರನೇ ದಿನ ಪ್ರಾರ್ಥನೆಯಲ್ಲಿ ಶಾಲೆಯ ಹಿರಿಯರೊಬ್ಬರು ಎಲ್ಲರೆದುರು ಅವಳ ಹೆಸರು ಹಿಡಿದು ಹೇಳಿದರು. ಪೇಪರಿನಲ್ಲಿ ಬಂದದ್ದು "3 ಅಂಕಗಳಿಂದ ಸೋಲು" ಅಂತ ಒಂದೇ ಸಾಲು. ವಾರದ ನಂತರ ಅವಳು ಬಂದು "ಮೇಡಂ, ನಾನು ಇನ್ನು ಆಡಲ್ಲ" ಅಂದಳು. ನಾನು ಸುಮ್ಮನಿದ್ದೆ. ಆ ಮೌನಕ್ಕೆ ನಾನೇ ಹೊಣೆ.

ಬ್ರಿಸ್ಬೇನ್‌ನಿಂದ ಬಂದ ಮೇಲೆ ಅಟ್ಟದ ಟ್ರಂಕಿನಿಂದ ಹಳೇ ಸ್ಕೋರ್ ಶೀಟ್ ತೆಗೆದೆ. ಅಂಚು ಗೆದ್ದಲು ತಿಂದಿತ್ತು, ಅಂಕ ಉಳಿದಿತ್ತು. ಅಜ್ಜಿ ಮಾಡಿದ ಹಾಗೆ ಬಿಡಿಸಿ ಬರೆದೆ. ನಮ್ಮ 27ರಲ್ಲಿ ರೈಡ್ 18, ಹಿಡಿದದ್ದು 5, ಬೋನಸ್ 4, ಲೋನಾ (ಎದುರಾಳಿ ತಂಡವನ್ನು ಪೂರ್ತಿ ಔಟ್ ಮಾಡಿದ್ದಕ್ಕೆ ಸಿಗುವ 2 ಅಂಕ) ಇಲ್ಲ. ಅವರ 30ರಲ್ಲಿ ರೈಡ್ 15, ಹಿಡಿದದ್ದು 10, ಬೋನಸ್ 1, ಎರಡು ಲೋನಾದಿಂದ 4. ರೈಡ್‌ನಲ್ಲಿ ನಾವೇ ಮುಂದೆ! ಆ 18ರಲ್ಲಿ 11 ಅಂಕ ಆ ಹುಡುಗಿಯದೇ. ನಾವು ಸೋತದ್ದು ಹಿಡಿತದಲ್ಲಿ. ಹಿಡಿಯಲು ಆಗದೆ ಎರಡು ಸಲ ಪೂರ್ತಿ ತಂಡ ಔಟಾದದ್ದರಲ್ಲಿ.

ಹಿಡಿತ ಯಾಕೆ ಬರಲಿಲ್ಲ? ಇದಕ್ಕೆ ಉತ್ತರ ನನಗೆ ಗೊತ್ತಿದೆ. ಆಗುಂಬೆ ಇರುವುದು ನಮ್ಮ ತಾಲ್ಲೂಕಿನಲ್ಲೇ, ಮಳೆಯ ವಿಷಯ ಹೇಳುವುದೇ ಬೇಡ. ಶಾಲಾ ಕ್ರೀಡಾಕೂಟಗಳು ಬರುವುದೇ ಮಳೆಗಾಲದಲ್ಲಿ. ಜೂನ್‌ನಿಂದ ನಮ್ಮ ಮೈದಾನ ನಾಟಿ ಗದ್ದೆಯ ಹಾಗಿರುತ್ತದೆ. ನಾವು ಕಲಿಸುವುದು ಶಾಲೆಯ ಜಗಲಿಯ ಸಿಮೆಂಟ್ ನೆಲದ ಮೇಲೆ. ಅಲ್ಲಿ ಕಾಲು ಚಾಚಿ ಮುಟ್ಟುವುದನ್ನು ಕಲಿಸಬಹುದು, ಬೋನಸ್ ಗೆರೆ ದಾಟುವುದನ್ನು ಕಲಿಸಬಹುದು. ಪಾದಕ್ಕೆ ಬಿದ್ದು ಹಿಡಿಯುವುದನ್ನು ಕಲಿಸಲಾಗುವುದಿಲ್ಲ. ಮೊದಲ ದಿನವೇ ಮೊಣಕಾಲು, ಮೊಣಕೈ ತರಚಿ ರಕ್ತ ಬರುತ್ತದೆ. ಎದುರಾಳಿ ತಂಡ ಬಯಲು ಕಡೆಯದು, ಮಣ್ಣಿನ ಮೇಲೆ ಕಲಿತು ಬಂದದ್ದು. ನಮಗೆ ಆಗ ಬೇಕಿದ್ದದ್ದು ಹತ್ತು ಹಳೇ ಮ್ಯಾಟ್, ಮೇಲೊಂದು ತಗಡಿನ ಶೆಡ್. ನಾವು ಮಾತ್ರ ಒಂದು ಹುಡುಗಿಯ ಒಂದು ಹೆಜ್ಜೆಯನ್ನು ಹಿಡಿದುಕೊಂಡು ಕೂತೆವು. ಅಂಕ ಬಿಡಿಸಿ ಅಚ್ಚಾಗಿದ್ದರೆ ಆ ಹಿರಿಯರೂ ನೋಡುತ್ತಿದ್ದರು, ಊರವರೂ ನೋಡುತ್ತಿದ್ದರು. ಅವಳ ಅಪ್ಪ ಅಮ್ಮನೂ ನೋಡುತ್ತಿದ್ದರು.

ಅವಳೀಗ ಕೊಪ್ಪದ ಕಡೆ ಇದ್ದಾಳೆ. ಅಡಿಕೆ ಸುಲಿತದ ಸಮಯದಲ್ಲಿ ಹೋಗಿ ಆ ಶೀಟ್ ತೋರಿಸಿದೆ. ತುಂಬಾ ಹೊತ್ತು ನೋಡಿದಳು. "ಹನ್ನೊಂದಾ ಮೇಡಂ?" ಅಂತ ಎರಡು ಸಲ ಕೇಳಿದಳು.

2024ರ ಫೈನಲ್‌ಗೆ ಲಯನ್ಸ್ ಮತ್ತೆ ಬಂದು ಸಿಡ್ನಿಯ ಮೇಲೆ 60 ಅಂಕದಿಂದ ಗೆದ್ದರು. 18.12 (120), ಸಿಡ್ನಿ 9.6 (60). ಅಜ್ಜಿ ನೋಟ್‌ಬುಕ್ಕಿನ ಫೋಟೊ ತೆಗೆದು ಮಗಳ ಮೂಲಕ ಕಳಿಸಿದರು. 18ಕ್ಕೆ 12 ಸೇರಿಸಿ ಕೆಳಗೆ 30 ಅಂತ ದೊಡ್ಡದಾಗಿ ಬರೆದು ಸುತ್ತು ಹಾಕಿದ್ದರು. ಲೆಕ್ಕ ಬರೆದಿಟ್ಟಿದ್ದಕ್ಕೆ ಗೆದ್ದರು ಅಂತ ನಾನು ಹೇಳುವುದಿಲ್ಲ. ಆಡಿದವರು ಆಟಗಾರರು. ಆದರೆ ಹಿಂದಿನ ವರ್ಷ ಯಾವುದು ಕಡಿಮೆಯಾಗಿತ್ತು ಅಂತ ಆ ಅಜ್ಜಿಗೂ ಗೊತ್ತಿತ್ತು.

ಇದಕ್ಕೆ ನಿಮಗೆ ಖರ್ಚಿಲ್ಲ, ಜಾಗವೂ ಜಾಸ್ತಿ ಬೇಡ. ಸ್ಕೋರ್ ಶೀಟಿನಲ್ಲಿ ಬೋನಸ್, ಲೋನಾ ಎಲ್ಲವನ್ನೂ ಬೇರೆ ಬೇರೆಯಾಗಿ ಗುರುತು ಮಾಡಿರುತ್ತಾರೆ. ನಿಮ್ಮ ತಾಲ್ಲೂಕು ವರದಿಗಾರರು ಸ್ಕೋರರ್ ಹತ್ತಿರ ಕೇಳಿದರೆ ಫೋಟೊ ಕೊಡುತ್ತಾರೆ, ಐದು ನಿಮಿಷದ ಕೆಲಸ. ಹೀಗೆ ಹಾಕಿದರೆ ಸಾಕು: "27 (ರೈಡ್ 18, ಹಿಡಿತ 5, ಬೋನಸ್ 4)". ಈ ಮಳೆಗಾಲದ ತಾಲ್ಲೂಕು ಪಂದ್ಯಗಳಿಂದಲೇ ಶುರು ಮಾಡಿ. ತೀರ್ಥಹಳ್ಳಿಯಲ್ಲಿ ಆಟ ನಡೆಯುವ ದಿನ ನಾನೇ ಹೋಗಿ ಕೂತು ಬರೆದು, ಸಂಜೆಯೊಳಗೆ ನಿಮ್ಮ ಕಚೇರಿಗೆ ಕಳಿಸಿಕೊಡುತ್ತೇನೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ